ಅನುಭವವಿಲ್ಲದ ಪದವೀಧರನ ಮೊದಲ ಉದ್ಯೋಗ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಮನೆಯಲ್ಲಿ ಮೂಡುವ ಸಂತೋಷವು ಬಹುಕಾಲ ನಿಲ್ಲುವುದಿಲ್ಲ. ನೆಂಟರಿಷ್ಟರು ಸಿಹಿ ತಿಂದು ಹರಸಿ ಹೋದ ಮೇಲೆ "ಮುಂದೇನು?" ಎಂಬ ಪ್ರಶ್ನೆಯು ಪಡಸಾಲೆಯಲ್ಲಿ ಕುಳಿತುಬಿಡುತ್ತದೆ. ಅರ್ಜಿ ಹಾಕತೊಡಗಿದ ಪದವೀಧರನಿಗೆ ಪ್ರಕಟಣೆಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಮಾತು "ಅನುಭವವುಳ್ಳವರಿಗೆ ಆದ್ಯತೆ" ಎಂಬುದು. ಕೆಲಸ ಸಿಕ್ಕದೆ ಅನುಭವ ಬರುವುದೆಂತು? ಅನುಭವವಿಲ್ಲದೆ ಕೆಲಸ ಸಿಕ್ಕುವುದೆಂತು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯು ಈ ಸ್ಥಿತಿಗೆ ಹೊಂದುವಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಹೊಂದಲಾರದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೀಕ್ಷ್ಣತೆಯುಂಟು. ಬೆಂಗಳೂರು ಹತ್ತಿರವಿದೆ; ಆದರೆ ಅಲ್ಲಿಯ ಸ್ಪರ್ಧೆಯೂ ಹತ್ತಿರದಲ್ಲೇ ಇದೆ. 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡು ಕೋಲಾರದ ಟಮಕದಲ್ಲಿ ತನ್ನ ಕೇಂದ್ರವನ್ನು ಹೊಂದಿದ ಮೇಲೆ ಪದವಿ ಎಂಬುದು ಜಿಲ್ಲೆಯ ಮನೆಬಾಗಿಲಿಗೇ ಬಂದಂತಾಯಿತು. ಆದರೆ ಪದವಿ ಪಡೆದವರಲ್ಲಿ ಅನೇಕರು ತಮ್ಮ ವಂಶದಲ್ಲಿಯೇ ಮೊದಲ ಪದವೀಧರರು. ಅವರ ತಂದೆತಾಯಿಗಳು ಮಳೆಯ ನಕ್ಷತ್ರಗಳನ್ನೂ ಮಾವಿನ ಹೂವಿನ ರೋಗಗಳನ್ನೂ ಬಲ್ಲವರು. ಉದ್ಯೋಗಕ್ಕಾಗಿ ಅರ್ಜಿಯನ್ನು ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಏನು ಹೇಳಬೇಕು ಎಂಬುದನ್ನು ಮಕ್ಕಳಿಗೆ ಹೇಳಿಕೊಡುವಷ್ಟು ಆ ಲೋಕದ ಪರಿಚಯ ಅವರಿಗೆ ಒದಗಿಲ್ಲ. ಪಟ್ಟಣದ ನೌಕರವರ್ಗದ ಮನೆಯ ಹುಡುಗನು ಊಟದ ಹೊತ್ತಿನಲ್ಲಿ ತಾನಾಗಿ ಕಲಿತುಕೊಳ್ಳುವ ಸಂಗತಿಗಳನ್ನು ಇಂಥ ವಿದ್ಯಾರ್ಥಿಗಳು ಹಲವು ನಿರಾಕರಣೆಗಳ ಬೆಲೆ ತೆತ್ತು ಕಲಿಯಬೇಕಾಗುತ್ತದೆ.

ಅನುಭವವೆಂದರೆ ಉದ್ಯೋಗದಾತನು ನಿಜವಾಗಿ ಕೇಳುವುದೇನು ಎಂಬುದನ್ನು ಮೊದಲು ವಿಚಾರಿಸಬೇಕು. ಹೊಸಬನೊಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳುವವನ ಮನಸ್ಸಿನಲ್ಲಿ ಸಾಮಾನ್ಯವಾಗಿ ಕೆಲವೇ ಸಂದೇಹಗಳಿರುತ್ತವೆ. ಇವನು ಹೊತ್ತಿಗೆ ಸರಿಯಾಗಿ ಬರುವನೇ? ಹಣ ಅಥವಾ ಸರಕನ್ನು ನಂಬಿ ಇವನ ಕೈಗೆ ಕೊಡಬಹುದೇ? ಒಮ್ಮೆ ಹೇಳಿದರೆ ತಿಳಿದುಕೊಳ್ಳುವನೇ? ಕಲಿಸಿಕೊಟ್ಟ ಮೇಲೆ ಮೂರೇ ತಿಂಗಳಿಗೆ ಬಿಟ್ಟುಹೋಗುವನೇ? ಹಿಂದಿನ ಮಾಲೀಕನು ಕೊಟ್ಟ ಅನುಭವಪತ್ರವು ಈ ಸಂದೇಹಗಳಿಗೆ ಸುಲಭವಾದ ಉತ್ತರವಾಗಿರುವುದರಿಂದಲೇ ಅದಕ್ಕೆ ಬೆಲೆ. ಆ ಪತ್ರವಿಲ್ಲದವನು ಅದೇ ಸಂದೇಹಗಳಿಗೆ ಬೇರೆ ಸಾಕ್ಷ್ಯವನ್ನು ಒದಗಿಸಬೇಕು. ಕೋಲಾರ ಸೀಮೆಯ ಪದವೀಧರರಲ್ಲಿ ಅಂಥ ಸಾಕ್ಷ್ಯಕ್ಕೆ ಕೊರತೆಯಿಲ್ಲ. ತಾವು ಮಾಡಿದ್ದು "ಕೆಲಸ" ಎಂಬ ಅರಿವೇ ಇಲ್ಲದೆ ಅದನ್ನು ಅರ್ಜಿಯಿಂದ ಬಿಟ್ಟುಬಿಡುವುದು ಅವರ ದೌರ್ಬಲ್ಯ.

ಶ್ರೀನಿವಾಸಪುರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದು ಮಾವಿನ ನಾಡು. ಮೇ ತಿಂಗಳಿನಿಂದ ಜುಲೈವರೆಗೆ ಅಲ್ಲಿಯ ಮಂಡಿಗಳಿಗೆ ಹಗಲಿರುಳೆನ್ನದೆ ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ತೋತಾಪುರಿ ಹಣ್ಣಿನ ಗಾಡಿಗಳು ಬರುತ್ತವೆ. ಕಾಲೇಜಿಗೆ ಬೇಸಿಗೆಯ ಬಿಡುವಿರುವ ಆ ದಿನಗಳಲ್ಲಿ ಬಿ.ಕಾಂ. ಓದುವ ಹುಡುಗನೊಬ್ಬ ಮಂಡಿಯಲ್ಲಿ ಕುಳಿತು ತೂಕದ ಚೀಟಿಗಳನ್ನು ನೋಡಿ ಪುಸ್ತಕಕ್ಕೆ ಏರಿಸುತ್ತಾನೆಂದು ಊಹಿಸಬಹುದು. ರೈತನಿಗೆ ಕೊಟ್ಟ ಮುಂಗಡ, ಹಮಾಲಿಯವರ ಕೂಲಿ, ಲಾರಿಯ ಬಾಡಿಗೆ ಇವನ್ನೆಲ್ಲ ಕಳೆದು ಉಳಿದ ಮೊತ್ತವನ್ನು ಕಾಣಿಸುವುದು, ಸಂಜೆ ನಗದನ್ನು ತಾಳೆ ನೋಡುವುದು, ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಹನ್ನೊಂದಾದರೂ ಅದನ್ನು ಹುಡುಕಿ ಮುಗಿಸದೆ ಏಳದಿರುವುದು ಅವನ ಕೆಲಸ. ತರಗತಿಯಲ್ಲಿ ಲೆಕ್ಕಶಾಸ್ತ್ರವೆಂದು ಓದಿದ್ದನ್ನೇ ಅವನು ಮಾಡುತ್ತಿರುತ್ತಾನೆ. ಅಷ್ಟಾದರೂ ಅರ್ಜಿಯಲ್ಲಿ "ಅನುಭವ" ಎಂಬ ಅಂಕಣಕ್ಕೆ ಬಂದಾಗ "ಇಲ್ಲ" ಎಂದು ಬರೆದು ಮುಂದೆ ಸಾಗುತ್ತಾನೆ. ಮಾವಿನ ಮಂಡಿಯ ಹೆಸರನ್ನು ಹೇಳಿದರೆ ಎದುರಿಗಿರುವವರು ನಕ್ಕಾರು ಎಂಬ ಅಳುಕು ಅವನದು.

ಎರಡು ಬಗೆಯ ಬರವಣಿಗೆಯನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಹುಪಾಲು ಅರ್ಜಿಗಳಲ್ಲಿ ಕಾಣುವ ಒಕ್ಕಣೆ ಇದು: "ನಾನು ಪ್ರಾಮಾಣಿಕನೂ ಕಷ್ಟಸಹಿಷ್ಣುವೂ ಆಗಿದ್ದೇನೆ. ತಾವು ದಯಮಾಡಿ ಒಂದು ಅವಕಾಶ ನೀಡಿದಲ್ಲಿ ತಮಗೆ ತೃಪ್ತಿಯಾಗುವಂತೆ ಕೆಲಸ ಮಾಡುತ್ತೇನೆ." ಇದನ್ನು ಓದಿದವರಿಗೆ ಅರ್ಜಿದಾರನ ವಿಷಯವಾಗಿ ಏನೂ ತಿಳಿಯುವುದಿಲ್ಲ, ಸಾವಿರ ಮಂದಿ ಇದನ್ನೇ ಬರೆದಿರುತ್ತಾರೆ. ಮಂಡಿಯಲ್ಲಿ ದುಡಿದ ಹುಡುಗನು ಹೀಗೆ ಬರೆಯಬಹುದಾಗಿತ್ತು: "ಕಳೆದ ಎರಡು ಮಾವಿನ ಹಂಗಾಮುಗಳಲ್ಲಿ ಶ್ರೀನಿವಾಸಪುರದ ಮಂಡಿಯೊಂದರಲ್ಲಿ ತೂಕದ ಚೀಟಿಗಳನ್ನು ದಿನವಹಿಗೆ ಏರಿಸುವ ಕೆಲಸ ಮಾಡಿದ್ದೇನೆ. ದಿನಕ್ಕೆ ಸುಮಾರು ಅರುವತ್ತು ರೈತರ ಲೆಕ್ಕ ಇರುತ್ತಿತ್ತು. ಪ್ರತಿ ಸಂಜೆ ನಗದು ತಾಳೆ ನೋಡಿ ಮಾಲೀಕರಿಗೆ ಒಪ್ಪಿಸುತ್ತಿದ್ದೆ. ವಿಚಾರಿಸಬೇಕೆಂದಿದ್ದಲ್ಲಿ ಅವರ ದೂರವಾಣಿ ಸಂಖ್ಯೆಯನ್ನು ಕೊಡಬಲ್ಲೆ." ಇದರಲ್ಲಿ ವಿಶೇಷಣಗಳಿಲ್ಲ. ಏನು, ಎಲ್ಲಿ, ಎಷ್ಟು, ಯಾರು ಬಲ್ಲರು ಎಂಬುದಷ್ಟೇ ಇದೆ. ಪ್ರಾಮಾಣಿಕತೆಯನ್ನು ತಾನೇ ಹೇಳಿಕೊಳ್ಳಬೇಕಾದ ಪ್ರಮೇಯವೂ ಬರಲಿಲ್ಲ. ಎರಡು ಹಂಗಾಮು ನಗದು ಮುಟ್ಟಿದವನನ್ನು ಮಾಲೀಕನು ಎರಡನೆಯ ವರ್ಷವೂ ಕರೆದನೆಂಬುದೇ ಅದನ್ನು ಹೇಳುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮೂವತ್ತು ರೈತರ ಲೆಕ್ಕವನ್ನು ಅರುವತ್ತೆಂದು ಬರೆಯಬಾರದು. ಸಂದರ್ಶಕರಲ್ಲಿ ಯಾರಾದರೊಬ್ಬರು ಮಾವಿನ ಸೀಮೆಯಿಂದಲೇ ಬಂದವರಾಗಿದ್ದರೆ ಎರಡನೆಯ ಪ್ರಶ್ನೆಯಲ್ಲಿಯೇ ಸುಳ್ಳು ಬಯಲಾಗುತ್ತದೆ.

ಇಂಥ ಕೆಲಸಗಳು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇವೆ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ ಸಂಜೆ ಹಾಲನ್ನು ಅಳೆದು, ಜಿಡ್ಡಿನ ಅಂಶವನ್ನು ಪರೀಕ್ಷಿಸಿ, ದರ ಕಟ್ಟಿ ಬರೆಯುವವರಿಗೆ ನೆರವಾದ ಬಿ.ಎಸ್‌ಸಿ. ವಿದ್ಯಾರ್ಥಿನಿಯು ಗುಣಮಟ್ಟ ಪರೀಕ್ಷೆಯ ಮೊದಲ ಪಾಠವನ್ನು ಆಗಲೇ ಕಲಿತಿರುತ್ತಾಳೆ. ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಟೊಮ್ಯಾಟೊ ಹರಾಜನ್ನು ಕಂಡವರಿಗೆ ಬೆಲೆಯ ಏರಿಳಿತವು ಪುಸ್ತಕದ ಮಾತಲ್ಲ. 2023ರ ಜುಲೈನಲ್ಲಿ 15 ಕಿಲೋ ಪೆಟ್ಟಿಗೆಯೊಂದು 2,000 ರೂಪಾಯಿಗಳನ್ನು ದಾಟಿದ್ದನ್ನೂ, ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದನ್ನೂ ಅವರು ಕಣ್ಣಾರೆ ಕಂಡಿರುತ್ತಾರೆ. 2000–01ರಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಲ್ಲಿ ಅಕ್ಷರ ಬಾರದ ತಾಯಿಯ ಪರವಾಗಿ ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ನಡಾವಳಿ ಪುಸ್ತಕಗಳನ್ನು ಬರೆದುಕೊಟ್ಟ ಹೆಣ್ಣುಮಕ್ಕಳೆಷ್ಟೋ ಮಂದಿ ಇದ್ದಾರೆ. ಗ್ರಾಮೀಣ ಸಾಲಸಂಸ್ಥೆಗಳು ಹುಡುಕುವುದು ಇಂಥವರನ್ನೇ. ಆ ಹೆಣ್ಣುಮಗಳಿಗೆ ಮಾತ್ರ ಅದು ಅಮ್ಮನಿಗೆ ಮಾಡಿಕೊಟ್ಟ ಸಣ್ಣ ಸಹಾಯವಾಗಿಯೇ ಉಳಿದಿರುತ್ತದೆ.

ಅರ್ಜಿಯಿಂದ ಬಿಟ್ಟುಹೋಗುವ ಮತ್ತೊಂದು ಸಂಪತ್ತು ಭಾಷೆ. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದು ಕನ್ನಡ. ಮಾಲೂರಿನ ಗಡಿಯಲ್ಲಿ ತಮಿಳು ಕೇಳಿಬರುತ್ತದೆ. ಪೇಟೆಗಳಲ್ಲಿ ಉರ್ದು ತಾನಾಗಿ ಬಾಯಿಗೆ ಬರುತ್ತದೆ. ಆದರೆ ಸಂದರ್ಶನ ನಡೆಯುವುದು ಇಂಗ್ಲಿಷಿನಲ್ಲಿ. ಅದರಲ್ಲಿ ತೊಡರಿದ ಹುಡುಗನು ತನಗೆ ಭಾಷೆಯೇ ಬಾರದೆಂದು ತೀರ್ಮಾನಿಸಿಕೊಂಡು ಮನೆಗೆ ಮರಳುತ್ತಾನೆ. ಮುಳಬಾಗಿಲೆಂಬ ಹೆಸರೇ ಮೂಡಣ ಬಾಗಿಲು ಎಂಬುದರಿಂದ ಬಂದದ್ದು. ಮೈಸೂರು ಸೀಮೆಗೆ ಅದು ಪೂರ್ವದ ದ್ವಾರ. ಆ ಬಾಗಿಲಿನಲ್ಲಿ ಹುಟ್ಟಿದವನಿಗೆ ಚಿತ್ತೂರಿನ ವ್ಯಾಪಾರಿಯೊಡನೆಯೂ ಕೃಷ್ಣಗಿರಿಯ ವ್ಯಾಪಾರಿಯೊಡನೆಯೂ ಮಾತಾಡುವ ಶಕ್ತಿಯಿದ್ದರೆ, ಮಾರಾಟ, ಸಾಗಣೆ, ವಿಮೆ, ಬ್ಯಾಂಕುಗಳ ಕೆಲಸದಲ್ಲಿ ಅದು ನೇರವಾಗಿ ಹಣ ತರುವ ಗುಣ. ಇಂಗ್ಲಿಷನ್ನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿಯ ಭಾಷೆಗಳ ಸಾಲಿನಲ್ಲಿ ಮನೆಮಾತಾದ ತೆಲುಗನ್ನು ನಾಚಿಕೆಯಿಂದ ಬಿಟ್ಟು "ಕನ್ನಡ, ಇಂಗ್ಲಿಷ್" ಎಂದಷ್ಟೇ ಬರೆಯುವುದು ಕೈಯಲ್ಲಿರುವ ನಾಣ್ಯವನ್ನು ಮುಚ್ಚಿಟ್ಟುಕೊಂಡು ಬರಿಗೈ ತೋರಿಸಿದಂತೆ.

ಈ ಸೀಮೆಯ ಇಬ್ಬರು ಹಿರಿಯರ ಆರಂಭವನ್ನು ಇಲ್ಲಿ ನೆನೆಯುವುದು ಉಚಿತ. ಮಾಲೂರು ತಾಲ್ಲೂಕಿನ ಮಾಸ್ತಿಯವರಾದ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದು ಮೈಸೂರು ಸಿವಿಲ್ ಸರ್ವಿಸನ್ನು ಸೇರಿದರು. ಅವರದು ರಾಜಮಾರ್ಗ; ಪರೀಕ್ಷೆಯೇ ಅವರ ಅರ್ಹತೆಗೆ ಪ್ರಮಾಣವಾಯಿತು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರಿಗೆ ಆ ಮಾರ್ಗ ತೆರೆದಿರಲಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಮುಳಬಾಗಿಲಿನಲ್ಲಿ ಕೆಲಕಾಲ ತಾತ್ಕಾಲಿಕ ಉಪಾಧ್ಯಾಯರಾಗಿದ್ದರು. ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬಳಿಕ ಬೆಂಗಳೂರಿಗೆ ಬಂದು ಪತ್ರಿಕೆಗಳಿಗೆ ಬರೆಯತೊಡಗಿದರು. ಬರೆದದ್ದು ಅಚ್ಚಾದಾಗ ಅದೇ ಅವರ ಅನುಭವಪತ್ರವಾಯಿತು. ಮೆಟ್ರಿಕ್ಯುಲೇಷನ್ನಿನಲ್ಲಿ ನಿಂತ ಅದೇ ವ್ಯಕ್ತಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಿ.ಲಿಟ್. ಪದವಿಯನ್ನು ನೀಡಿತು. ಈ ಕಥೆಯನ್ನು ಹೇಳಿ, ಪರೀಕ್ಷೆಗಳಿಂದ ಪ್ರಯೋಜನವಿಲ್ಲವೆಂದು ವಿದ್ಯಾರ್ಥಿಗಳನ್ನು ನಂಬಿಸುವವರಿದ್ದಾರೆ. ಅದು ತಪ್ಪು ತಾತ್ಪರ್ಯ. ಅಸಾಧಾರಣ ಪುರುಷರ ಬಾಳನ್ನು ಸಾಧಾರಣರಿಗೆ ಸೂತ್ರವಾಗಿ ಕೊಡಬಾರದು. ಗಮನಿಸತಕ್ಕದ್ದು ಒಂದೇ ಅಂಶ: ಸೋಡಾ ಕಾರ್ಖಾನೆಯ ಕೆಲಸವನ್ನು ಅವರು ಕೀಳೆಂದು ನಿರಾಕರಿಸಲಿಲ್ಲ, ಅಲ್ಲಿಯೇ ಉಳಿಯಲೂ ಇಲ್ಲ.

ಅನುಭವವೊಂದಿದ್ದರೆ ಎಲ್ಲವೂ ಸಿಕ್ಕಿಬಿಡುತ್ತದೆಂಬ ಭ್ರಮೆಯನ್ನೂ ಇದೇ ಜಿಲ್ಲೆಯ ಇತಿಹಾಸವು ಒಡೆಯುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಆರಂಭಿಸಿದ ಚಿನ್ನದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ತಂದೆಯ ನಂತರ ಮಗನೆಂಬಂತೆ ತಲೆಮಾರುಗಳ ಕಾಲ ನೆಲದಾಳದಲ್ಲಿ ದುಡಿದ ಕುಟುಂಬಗಳಲ್ಲಿ ಅನುಭವಕ್ಕೇನೂ ಬಡತನವಿರಲಿಲ್ಲ. ಆದರೆ ಆ ಅನುಭವವನ್ನು ಕೊಳ್ಳುವವರೇ ಇಲ್ಲವಾದರು. ಅವರ ಮಕ್ಕಳು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲನ್ನು ಹತ್ತಿ, ಮುಂಜಾನೆ ಹೊರಟು ರಾತ್ರಿ ಮರಳುವ ಬಾಳನ್ನು ಕಟ್ಟಿಕೊಂಡರು. ಆ ಮಕ್ಕಳ ಪಾಲಿಗೆ ಹೊಸ ಊರಿನ ಮೊದಲ ಕೆಲಸವನ್ನು ದೊರಕಿಸಿದ್ದು ತಂದೆಯ ಮೂವತ್ತು ವರ್ಷದ ಸೇವೆಯಲ್ಲ, ಹೊಸದನ್ನು ಬೇಗ ಕಲಿತುಕೊಳ್ಳುವ ಅವರದೇ ಸಾಮರ್ಥ್ಯ.

ಇನ್ನು ಸರ್ಕಾರದ ವ್ಯವಸ್ಥೆಗಳತ್ತ ತಿರುಗಬಹುದು. ಹಿಂದಿನ ತಲೆಮಾರಿಗೆ ಪದವಿಯ ಮರುದಿನದ ಕರ್ತವ್ಯವೆಂದರೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸುವುದು. ಎರಡನೆಯ ಮಹಾಯುದ್ಧದಿಂದ ಬಿಡುಗಡೆಯಾದ ಸೈನಿಕರಿಗೆ ಕೆಲಸ ಒದಗಿಸಲು 1945ರಲ್ಲಿ ಹುಟ್ಟಿದ ಈ ಕೇಂದ್ರಗಳು ಕ್ರಮೇಣ ಎಲ್ಲರ ಪಾಲಿಗೂ ತೆರೆದುಕೊಂಡವು. ಸರ್ಕಾರಿ ಕಛೇರಿಗಳು ಮತ್ತು 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಈ ಕೇಂದ್ರಗಳಿಗೆ ತಿಳಿಸಬೇಕೆಂದು 1959ರ ಅಧಿನಿಯಮವು ವಿಧಿಸಿತು. ಆದರೆ ಆ ಪಟ್ಟಿಯಿಂದಲೇ ನೇಮಿಸಬೇಕೆಂದು ವಿಧಿಸಲಿಲ್ಲ. ಕೇಂದ್ರದಿಂದ ಹೆಸರು ತರಿಸಿಕೊಳ್ಳುವುದರ ಜೊತೆಗೆ ಪತ್ರಿಕೆಗಳಲ್ಲಿಯೂ ಪ್ರಕಟಿಸಿ ಅರ್ಜಿ ಹಾಕಿದವರೆಲ್ಲರನ್ನೂ ಪರಿಗಣಿಸಬೇಕೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ ಮೇಲೆ, ಹೆಸರು ಬರೆಸಿ ಸರದಿಗಾಗಿ ಕಾಯುವ ಪದ್ಧತಿಯ ಬಲ ಕುಂದಿತು. ಇಷ್ಟಾದರೂ ಅಜ್ಜಂದಿರ ಸಲಹೆಯಂತೆ ಹೆಸರು ನೋಂದಾಯಿಸಿ, ಕರೆ ಬರುವುದೆಂದು ಮನೆಯಲ್ಲಿ ಕುಳಿತಿರುವ ಪದವೀಧರರು ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ನೋಂದಣಿಯಿಂದ ನಷ್ಟವಿಲ್ಲ, ಕಾಯುವುದರಿಂದ ನಷ್ಟವಿದೆ.

ಅನುಭವವಿಲ್ಲದವರಿಗಾಗಿಯೇ ನಿರ್ಮಿಸಿದ ಬಾಗಿಲು ಬೇರೊಂದುಂಟು. ಅದು 1961ರ ಅಪ್ರೆಂಟಿಸ್ ಅಧಿನಿಯಮ. ಸರ್ಕಾರಿ ಕಾಗದಗಳಲ್ಲಿ ಅಪ್ರೆಂಟಿಸನಿಗೆ "ಶಿಶಿಕ್ಷು" ಎಂಬ ಹೆಸರಿದೆ. ಕಲಿಯಬೇಕೆಂಬ ಇಚ್ಛೆಯುಳ್ಳವನು ಎಂದು ಅದರ ಅರ್ಥ. ಮೊದಲಿಗೆ ಇದು ಕುಶಲಕರ್ಮಿಗಳ ತರಬೇತಿಗಾಗಿ ಮಾಡಿದ ಶಾಸನವಾಗಿತ್ತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಇದರ ವ್ಯಾಪ್ತಿಗೆ ಬಂದರು. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಮುಂತಾದ ಪದವಿ ಪಡೆದವರಿಗೆ ದಾರಿ ತೆರೆದದ್ದು 2014ರ ತಿದ್ದುಪಡಿ. ಈ ಸಂಗತಿ ಜಿಲ್ಲೆಯ ಕಲಾ ಮತ್ತು ವಾಣಿಜ್ಯ ಪದವೀಧರರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೆಂಬುದು ಸಂದೇಹ. ಅಪ್ರೆಂಟಿಸ್ ಎಂದರೆ ಐ.ಟಿ.ಐ. ಓದಿದವರ ಪಾಲಿನದೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ.

ಇದರ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಲೇಸು. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯು ತನ್ನ ಒಟ್ಟು ಸಿಬ್ಬಂದಿಯ ಶೇಕಡಾ 2.5ರಿಂದ 15ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕೆಂದು 2019ರ ನಿಯಮಗಳು ಹೇಳುತ್ತವೆ. ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆಯನ್ನು ಅದೇ ವರ್ಷದ ತಿದ್ದುಪಡಿಯು ಗೊತ್ತುಮಾಡಿತು. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವು ಭರಿಸುತ್ತದೆ. ದಕ್ಷಿಣ ರಾಜ್ಯಗಳಿಗೆ ಇದರ ಆಡಳಿತ ಮಂಡಲಿಯು ಚೆನ್ನೈಯಲ್ಲಿದೆ. ತರಬೇತಿ ಮುಗಿದ ಮೇಲೆ ಪ್ರಮಾಣಪತ್ರ ದೊರೆಯುತ್ತದೆ. ಎಲ್ಲಕ್ಕಿಂತ ಸ್ವಾರಸ್ಯದ ನಿಬಂಧನೆಯೆಂದರೆ, ಪದವಿಯ ನಂತರ ಒಂದು ವರ್ಷ ಅಥವಾ ಹೆಚ್ಚಿನ ಉದ್ಯೋಗಾನುಭವ ಇರುವವರಿಗೆ ಇಲ್ಲಿ ಪ್ರವೇಶವಿಲ್ಲ! ಬೇರೆಲ್ಲ ಕಡೆ ಕೊರತೆಯೆನಿಸಿದ್ದು ಇಲ್ಲಿ ಅರ್ಹತೆ. ಪದವಿ ಪಡೆದು ಹಲವು ವರ್ಷ ಕಳೆದವರಿಗೂ ಅವಕಾಶವಿಲ್ಲ. ಆ ಅವಧಿಯನ್ನು ಆಯಾ ಸಂಸ್ಥೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಆದುದರಿಂದ ಬೇರೆಲ್ಲ ಪ್ರಯತ್ನಗಳನ್ನು ಮುಗಿಸಿ ಕೊನೆಗೆ ಇದನ್ನು ನೋಡೋಣವೆನ್ನುವವರು ಬಾಗಿಲು ಮುಚ್ಚಿದ ಮೇಲೆ ಬಂದವರಾಗುತ್ತಾರೆ. 1964ರಲ್ಲಿ ಸ್ಥಾಪನೆಯಾದ, ಚಿನ್ನದ ಗಣಿಯ ಊರಿನಲ್ಲಿ ದೊಡ್ಡ ಕಾರ್ಖಾನೆಯುಳ್ಳ ಬಿ.ಇ.ಎಂ.ಎಲ್. ಹಾಗೂ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳು ಶಿಶಿಕ್ಷುಗಳಿಗಾಗಿ ಪ್ರಕಟಣೆ ಹೊರಡಿಸುವುದುಂಟು.

ಇದರ ಮಿತಿಯನ್ನೂ ಮರೆಮಾಚಬಾರದು. ಶಾಸನದ ಪ್ರಕಾರ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ನೌಕರನಲ್ಲ. ಮುಂದೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆ ಸಂಸ್ಥೆಗಿಲ್ಲ. ಒಂದು ವರ್ಷ ಕೊಠಡಿ ಬಾಡಿಗೆ, ಊಟ, ಬಸ್ಸು ಎಂದು 9,000 ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಬಾಳುವುದು ಕಷ್ಟ. ಅದಲ್ಲದೆ "ಟ್ರೈನಿ" ಎಂಬ ಹೆಸರಿಟ್ಟು ವರ್ಷಗಟ್ಟಲೆ ದುಡಿಸಿಕೊಳ್ಳುವ ಸ್ಥಳಗಳೂ ಇವೆ. ಕರಾರು ನೋಂದಣಿಯಾಗಿ ಅದಕ್ಕೊಂದು ಸಂಖ್ಯೆ ದೊರೆತಿದ್ದರೆ ಮಾತ್ರ ಅದು ಶಾಸನಬದ್ಧ ತರಬೇತಿ. ಬಾಯಿಮಾತಿನ ತರಬೇತಿಗೆ ಪ್ರಮಾಣಪತ್ರ ಬರುವುದಿಲ್ಲ.

ಹತ್ತಿರದ ಕಾರ್ಖಾನೆಗಳ ವಿಷಯ ಬಂದಾಗ ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳ ಮಾತು ಸಹಜವಾಗಿ ಬರುತ್ತದೆ. 2013ರಲ್ಲಿ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನ ಕಾರ್ಖಾನೆಯು ನರಸಾಪುರದಲ್ಲಿ ಆರಂಭವಾದಂದಿನಿಂದ ಆ ಹೆದ್ದಾರಿಯ ಇಕ್ಕೆಲಗಳ ರೂಪವೇ ಬದಲಾಗಿದೆ. ಉತ್ಪಾದನಾ ವಿಭಾಗಗಳಲ್ಲಿ ಪಿ.ಯು.ಸಿ., ಐ.ಟಿ.ಐ., ಡಿಪ್ಲೊಮಾದವರಿಗೆ ಬೇಡಿಕೆ ಹೆಚ್ಚು. ಪದವಿ ಇದೆಯೆಂದರೆ ಬೇಗ ಬಿಟ್ಟುಹೋಗುವನೆಂಬ ಶಂಕೆಗೆ ಗುರಿಯಾಗಬೇಕೆಂದು ಪದವಿಯನ್ನೇ ಮುಚ್ಚಿಟ್ಟು ಸೇರುವವರೂ ಉಂಟು. ಇದು ಒಳ್ಳೆಯ ಆರಂಭವಲ್ಲ. ಮುಚ್ಚಿಟ್ಟ ಪದವಿಯನ್ನು ಮುಂದೆ ಬಡ್ತಿಗಾಗಿ ಹೊರತೆಗೆಯುವುದು ಕಷ್ಟ.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲ ಕೆಲಸಕ್ಕೆ ಹೊರಟವರು ತಿಳಿದಿರಬೇಕು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ಸಂಬಳದ ಕುರಿತ ಅಸಮಾಧಾನವು ದಾಂಧಲೆಗೆ ತಿರುಗಿತು. ದುಡಿಯುತ್ತಿದ್ದವರಲ್ಲಿ ಬಹುಪಾಲು ಮಂದಿ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಇಂಜಿನಿಯರಿಂಗ್ ಪದವೀಧರರಿಗೆ 21,000 ರೂಪಾಯಿ ಎಂದು ಹೇಳಿ 16,000, ಆಮೇಲೆ 12,000 ಕೊಡಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಯಾಚಿಸಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಕಾರ್ಖಾನೆಯು ಟಾಟಾ ಸಮೂಹದ ಪಾಲಾಯಿತು. ಕಲ್ಲೆಸೆತವನ್ನು ಯಾರೂ ಸಮರ್ಥಿಸಲಾರರು. ಆದರೆ ಮೊದಲ ಸಂಬಳದ ಚೀಟಿಯನ್ನು ಕೈಯಲ್ಲಿ ಹಿಡಿದು, ಹೇಳಿದ್ದೊಂದು ಬಂದದ್ದೊಂದು ಎಂದು ಕಂಡ ಹುಡುಗನ ಮನಃಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಈ ಕಾರಣದಿಂದ ಮೊದಲ ಕೆಲಸ ಸಿಕ್ಕಿತೆಂಬ ಸಂಭ್ರಮದಲ್ಲಿಯೂ ಕೆಲವು ಪ್ರಶ್ನೆಗಳನ್ನು ಕೇಳುವ ಧೈರ್ಯವಿರಬೇಕು. ನೇಮಕಾತಿ ಪತ್ರ ಕೊಡುವವರು ಕಾರ್ಖಾನೆಯವರೋ ಗುತ್ತಿಗೆದಾರರೋ? ಹೇಳುವ ಮೊತ್ತವು ಕೈಗೆ ಬರುವ ಸಂಬಳವೋ, ಕಡಿತಕ್ಕೆ ಮುಂಚಿನದೋ? ಭವಿಷ್ಯನಿಧಿಯ ಸಂಖ್ಯೆ ಕೊಡುವರೋ? ಉದ್ಯೋಗಿಯ ಪಾಲಿನಷ್ಟೇ, ಅಂದರೆ ವೇತನದ ಶೇಕಡಾ 12ರಷ್ಟನ್ನು, ಮಾಲೀಕನೂ ತುಂಬಬೇಕು. ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಅನ್ವಯಿಸುವ ರಾಜ್ಯ ವಿಮೆಗೆ 2019ರ ಜುಲೈಯಿಂದ ಉದ್ಯೋಗಿಯ ಪಾಲು ಶೇಕಡಾ 0.75, ಮಾಲೀಕನ ಪಾಲು ಶೇಕಡಾ 3.25. ಈ ಅಂಕಿಗಳನ್ನು ತಿಳಿದವನು ತನ್ನ ಸಂಬಳದ ಚೀಟಿಯನ್ನು ತಾನೇ ಪರೀಕ್ಷಿಸಿಕೊಳ್ಳಬಲ್ಲ. ಇನ್ನು ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವ ಮಧ್ಯವರ್ತಿಯ ಮಾತನ್ನು ಕೇಳಬೇಕಾದದ್ದೇ ಇಲ್ಲ. ಹಸುವನ್ನೋ ಒಡವೆಯನ್ನೋ ಮಾರಿ ಅಂಥವರಿಗೆ ಕೊಟ್ಟ ಹಣ ಮರಳಿ ಬಂದದ್ದು ಅಪರೂಪ.

ಹೆಣ್ಣುಮಕ್ಕಳ ಪಾಲಿಗೆ ಇವೆಲ್ಲಕ್ಕೂ ಮೊದಲಿನ ಪ್ರಶ್ನೆ ದೂರದ್ದು. ಮುಳಬಾಗಿಲಿಗೆ ರೈಲಿಲ್ಲ. ಒಳಹಳ್ಳಿಯಿಂದ ಹೆದ್ದಾರಿಗೆ ಬರುವ ಬಸ್ಸಿನ ವೇಳೆಗೂ ಕಾರ್ಖಾನೆಯ ಪಾಳಿಗೂ ಹೊಂದಾಣಿಕೆಯಾಗುವುದಿಲ್ಲ. ರಾತ್ರಿಯ ಪಾಳಿಯೆಂದೊಡನೆ ಮನೆಯಲ್ಲಿ ಬೇಡವೆನ್ನುತ್ತಾರೆ. ಒಂದು ವರ್ಷ ಮನೆಯಲ್ಲಿದ್ದರೆ ಮದುವೆಯ ಮಾತು ಬರುತ್ತದೆ. ಪದವಿಯಲ್ಲಿ ಗಂಡುಮಕ್ಕಳಿಗಿಂತ ಮುಂದಿದ್ದ ಎಷ್ಟೋ ಹುಡುಗಿಯರ ಹೆಸರು ಉದ್ಯೋಗದ ಪಟ್ಟಿಯಲ್ಲಿ ಕಾಣದಿರುವುದಕ್ಕೆ ಅನುಭವದ ಕೊರತೆ ನೆಪಮಾತ್ರ. ಕಾರ್ಖಾನೆಯ ವಾಹನ ಯಾವ ಊರಿನವರೆಗೆ ಬರುತ್ತದೆ, ವಸತಿನಿಲಯವನ್ನು ನಡೆಸುವವರಾರು ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ತಂದೆತಾಯಿಗಳನ್ನು ಒಮ್ಮೆ ಕರೆದೊಯ್ದು ತೋರಿಸಿದ ಹುಡುಗಿಗೆ ಮನೆಯವರ ಒಪ್ಪಿಗೆ ಸುಲಭವಾಗಿ ದೊರೆಯುತ್ತದೆ. ಉಪನ್ಯಾಸಕರು ಈ ಒಂದು ವಿಷಯದಲ್ಲಿ ಮಧ್ಯೆ ನಿಂತರೆ ಹಲವು ಬಾಳುಗಳ ದಿಕ್ಕು ಬದಲಾದೀತು.

ಅನುಭವವನ್ನು ಕೇಳದ ಪರೀಕ್ಷೆಗಳಲ್ಲಿ ಗ್ರಾಮೀಣ ಬ್ಯಾಂಕಿನದು ಈ ಸೀಮೆಯವರಿಗೆ ಅನುಕೂಲವಾದದ್ದು. ಹಿಂದಿನ ಕೋಲಾರ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಗಿ, ಹಲವು ವಿಲೀನಗಳ ನಂತರ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕೆಂಬ ಒಂದೇ ಸಂಸ್ಥೆಯಾಗಿದೆ. ಕಛೇರಿ ಸಹಾಯಕ ಹುದ್ದೆಗೆ 18ರಿಂದ 28, ಮೊದಲ ಶ್ರೇಣಿಯ ಅಧಿಕಾರಿಗೆ 18ರಿಂದ 30 ವಯಸ್ಸಿನ ಮಿತಿಯಿದೆ. ಪದವಿ ಸಾಕು, ಸ್ಥಳೀಯ ಭಾಷೆ ತಿಳಿದಿರಬೇಕು. 2019ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ನಿರ್ಧಾರದಂತೆ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಪರೀಕ್ಷೆಗೆ ಓದುವುದೆಂದರೆ ಬೇರೆಲ್ಲವನ್ನೂ ಬಿಟ್ಟು ನಾಲ್ಕಾರು ವರ್ಷ ಕೊಠಡಿ ಹಿಡಿದು ಕೂರುವುದೆಂದು ತಿಳಿಯಬಾರದು. ಹುದ್ದೆ ಸಿಕ್ಕದೆ ವಯಸ್ಸಿನ ಮಿತಿ ದಾಟಿದವನ ಅರ್ಜಿಯಲ್ಲಿ ಉಳಿಯುವುದು ಖಾಲಿ ವರ್ಷಗಳು ಮಾತ್ರ.

ರಾಜ್ಯದ ಯುವನಿಧಿ ಯೋಜನೆಯು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆಯಿತು. ಪದವಿ ಪಡೆದು 180 ದಿನ ಕಳೆದರೂ ಕೆಲಸ ದೊರೆಯದವರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುವುದೆಂದು ಅದರಲ್ಲಿ ಗೊತ್ತುಪಡಿಸಲಾಯಿತು. ಅರ್ಜಿಯ ಶುಲ್ಕ, ಬಸ್ಸಿನ ವೆಚ್ಚಗಳಿಗೆ ತಂದೆಯ ಮುಂದೆ ಕೈಚಾಚುವುದು ತಪ್ಪಿದರೆ ಅದೂ ಸಣ್ಣ ಉಪಕಾರವಲ್ಲ. ಆದರೆ ಶಿಶಿಕ್ಷುವಿನ ಸ್ಥಾನವೊಂದು ಎದುರಿಗಿರುವಾಗ ಇದಕ್ಕಾಗಿ ಅದನ್ನು ಬಿಡುವುದು ಜಾಣತನವಲ್ಲ.

ಫಲಿತಾಂಶ ಬಂದ ವಾರದಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ. ಮಂಡಿಯ ಮಾಲೀಕರಿರಲಿ, ಹಾಲಿನ ಸಂಘದ ಕಾರ್ಯದರ್ಶಿಯಿರಲಿ, ತಾನು ಯಾರ ಕೈಕೆಳಗೆ ದುಡಿದಿದ್ದಾನೋ ಅವರಿಂದ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಯಾವ ಕೆಲಸ ಮಾಡಿದ್ದೆಂದು ನಾಲ್ಕು ಸಾಲಿನ ಪತ್ರವನ್ನು ಮೊಹರಿನೊಡನೆ ಬರೆಸಿಕೊಳ್ಳುವುದು. ಇದುವರೆಗೆ ಯಾರೂ ಕೇಳಿರದ ಕಾರಣ ಅವರು ಮೊದಲು ಆಶ್ಚರ್ಯಪಡಬಹುದು; ಕೊಡಲು ನಿರಾಕರಿಸುವವರು ವಿರಳ. ಜುಲೈ ಕಳೆದ ಮೇಲೆ ಶ್ರೀನಿವಾಸಪುರದ ಮಂಡಿಗಳಲ್ಲಿ ವ್ಯವಹಾರ ಇಳಿದು ಮಾಲೀಕರು ಕೈಗೆ ಸಿಕ್ಕುವುದು ಕಷ್ಟ. ಪತ್ರ ಬೇಕಾದವರು ಹಂಗಾಮು ಮುಗಿಯುವ ಮೊದಲೇ ಹೋಗಿ ಕೇಳುವುದು ಒಳ್ಳೆಯದು.